ಗುಡ್ಡದ ಬೆಳಕಿಂಡಿ

ಕಾಡು ಬೆಳೆಸಬೇಕು, ಒಂದು ಒಳ್ಳೆಯ ಗರಗಸ ಕೊಡಿ ಎಂದು ಕೇಳಿದವರು ನನ್ನ ಇಷ್ಟು ವರ್ಷದ ವ್ಯಾಪಾರದಲ್ಲಿ ಅವರೊಬ್ಬರೇ. ಆಳಂದದ ಬಜಾರದಲ್ಲಿ ನನ್ನದು ಕಬ್ಬಿಣದ ಸಾಮಾನಿನ ಅಂಗಡಿ. ಗಿಡ ಕಡಿಯುವವರು ಬಂದು ಸುಮ್ಮನೆ ಕೊಡಲಿ ಕೇಳುತ್ತಾರೆ, ಯಾಕೆಂದು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಈ ಹೆಣ್ಣುಮಗಳು ಮಾತ್ರ ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು, ತಲೆಗೆ ಗಂಡಸರ ಹಾಗೆ ಬಿಳಿ ಟವೆಲ್ಲು ಸುತ್ತಿಕೊಂಡು, ಗರಗಸದ ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸುತ್ತ, ತಾನು ಕಾಲೇಜಿಗೆ ಹೊಸದಾಗಿ ವರ್ಗವಾಗಿ ಬಂದ ಸಸ್ಯಶಾಸ್ತ್ರದ ಮೇಡಂ ಎಂದೂ, ಗುಡ್ಡಕ್ಕೆ ಕಾಡನ್ನು ವಾಪಸು ತರಬೇಕಾಗಿದೆ ಎಂದೂ ಹೇಳಿದರು. ನನಗೆ ನಗು ಬಂತು. ಹಾಗಾದರೆ ಸಸಿ ಮಾರುವವರ ಕಡೆ ಹೋಗಬೇಕಿತ್ತಲ್ಲ ಎಂದೆ.

"ಸಸಿ ಬ್ಯಾಡ್ರಿ," ಎಂದರು. "ಬಿಸಿಲು ಬೇಕಾಗೇದ."

ಬಿಸಿಲಿಗೆ ನಮ್ಮ ಕಡೆ ಬರ ಇದ್ದದ್ದು ನಾನು ಕೇಳಿಲ್ಲ. ಏಪ್ರಿಲ್ ತಿಂಗಳಲ್ಲಿ ಆಳಂದದ ರಸ್ತೆಯ ಮೇಲೆ ಹಪ್ಪಳ ಸುಡಬಹುದು. ಈ ಮೇಡಮ್ಮಿನ ತಲೆ ಕೆಟ್ಟಿರಬೇಕು ಎಂದುಕೊಂಡೇ ಗರಗಸ ಕಟ್ಟಿಕೊಟ್ಟೆ.

ಅವರು ತೀರಿಕೊಂಡ ಸುದ್ದಿ ಈ ಬೇಸಿಗೆಯಲ್ಲಿ ಬಂತು. ಅಂದಿನಿಂದ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವರದೇ ನೆನಪು. ಹೆಸರು ಹೇಳುವುದಿಲ್ಲ. ಹೇಳಿದರೂ ಊರಿನವರಿಗೆ ಗುರುತು ಹತ್ತಲಿಕ್ಕಿಲ್ಲ, ಯಾಕೆಂದರೆ ಆ ಹೆಸರಿನಿಂದ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆ ಅಕ್ಕೋರು ಎನ್ನುವುದು ರೂಢಿ. ಇವರು ಬಂದ ವರ್ಷವೇ ಕೊಡ್ಲಿ ಅಕ್ಕೋರು ಆದರು. ಮಂದಿ ಅದನ್ನು ಬೈಗುಳದ ಹಾಗೆ ಶುರು ಮಾಡಿ ಆಮೇಲೆ ಹೆಸರಿನ ಹಾಗೆಯೇ ಬಳಸತೊಡಗಿದರು. ಅವರ ಕಿವಿಗೂ ಬಿದ್ದಿತ್ತು. ಕೊಡ್ಲಿಗಿಂತ ಗರಗಸ ಅಕ್ಕೋರು ಅಂದರೆ ಬರೋಬ್ಬರಿ ಆಗ್ತಿತ್ತು ಎಂದು ಒಮ್ಮೆ ನನ್ನೆದುರು ನಕ್ಕಿದ್ದರು.

ಅವರ ಕೆಲಸ ಏನೆಂದು ನನಗೆ ತಿಳಿಯಲು ಎರಡು ಮಳೆಗಾಲ ಬೇಕಾದವು. ಕಡಗಂಚಿಯ ದಾರಿಯಲ್ಲಿ ಒಂದು ಸಣ್ಣ ಊರಿದೆ, ಅದರ ಬೆನ್ನಿಗೆ ಒಂದು ಕಲ್ಲುಗುಡ್ಡ. ಗುಡ್ಡದ ಬುಡದಲ್ಲಿ ನನ್ನ ಅಪ್ಪನ ಕಾಲದ ತೊಗರಿ ಹೊಲ. ಗುಡ್ಡ ಬೋಳಾಯಿತೆಂದು ಹಿಂದೆ ಯಾವಾಗಲೋ ಇಲಾಖೆಯವರು ನೀಲಗಿರಿ, ಅಕೇಶಿಯಾ ಗಿಡಗಳನ್ನು ಒತ್ತೊತ್ತಾಗಿ ಸಾಲು ಹಿಡಿದು ನೆಟ್ಟಿದ್ದರು. ದೂರದಿಂದ ನೋಡಿದರೆ ಹಸಿರು. ಒಳಗೆ ಹೋದರೆ ನೆರಳು ಮತ್ತು ಒಣ ಎಲೆ, ಬೇರೆ ಏನೂ ಇಲ್ಲ. ಹಕ್ಕಿ ಇಲ್ಲ, ಹುಲ್ಲಿಲ್ಲ, ಬಾರಿಹಣ್ಣಿನ ಕಂಟಿ ಇಲ್ಲ. ನಾನು ನಲವತ್ತು ವರ್ಷ ಅದನ್ನು ಕಾಡು ಎಂದೇ ತಿಳಿದಿದ್ದೆ. ಅಕ್ಕೋರು ಅದನ್ನು ಗೋಡೌನು ಎನ್ನುತ್ತಿದ್ದರು. ಇಲಾಖೆಯ ಸಾಹೇಬರ ಬಾಗಿಲಿಗೆ ಅಲೆದು ಅಲೆದು, ಅದರಲ್ಲಿ ಅಲ್ಲಲ್ಲಿ ಒಂದಿಷ್ಟು ಮರ ತೆಗೆದು ಜಾಗ ಖಾಲಿ ಮಾಡಿ ನೋಡಲು ಅವರು ಒಪ್ಪಿಗೆ ತಂದಿದ್ದರು. ಖಾಲಿ ಜಾಗಕ್ಕೆ ಬಿಸಿಲು ಬೀಳುತ್ತದೆ, ಬಿಸಿಲಿಗೆ ಹಳೆಯ ಕಾಡಿನ ಬೀಜ ತಾನಾಗಿ ಏಳುತ್ತದೆ. ಇಷ್ಟೇ ಅವರ ವಿದ್ಯೆ. ನೆಡುವುದಿಲ್ಲ, ನೀರು ಹಾಕುವುದಿಲ್ಲ, ಕಾಯುವುದು.

ಊರಿನವರಿಗೆ ತಿಳಿಸಿ ಹೇಳಲು ಅವರು ನಮ್ಮ ಹಳೆಯ ಮಾಳಿಗೆ ಮನೆಗಳ ಬೆಳಕಿಂಡಿಯನ್ನು ತೋರಿಸುತ್ತಿದ್ದರು. ಮನೆಯ ನಡುವೆ ಮಾಳಿಗೆಗೆ ಒಂದು ಕಿಂಡಿ ಬಿಡುತ್ತಾರೆ, ಅದು ಇಲ್ಲದಿದ್ದರೆ ಹಾಡುಹಗಲೇ ಒಳಗೆ ದೀಪ ಬೇಕು. ಗುಡ್ಡಕ್ಕೂ ಅಂಥದೊಂದು ಬೇಕಾಗಿದೆ ಎನ್ನುವರು. ಮಂದಿ ಹೌದ್ರಿ ಅಕ್ಕೋರ ಎಂದು ತಲೆದೂಗುವರು, ಅವರು ಅತ್ತ ಹೋದ ಮೇಲೆ, ಅಲ್ಲಲೇ, ಇದ್ದ ಗಿಡ ಕಡಿದು ಕಾಡು ಬರ್ತದ ಅಂದ್ರ ಇದ್ದ ಹೆಂಡ್ತೀನ್ನ ಓಡಿಸಿ ಸಂಸಾರ ಮಾಡಿದಂಗ ಎಂದು ನಗುವರು. ನಕ್ಕವರಲ್ಲಿ ನಾನೂ ಇದ್ದೆ ಅನ್ನಿ. ನಗುವುದಕ್ಕೆ ನಮ್ಮ ಊರಲ್ಲಿ ತೆರಿಗೆ ಇಲ್ಲ.

ಈ ವಿದ್ಯೆಯನ್ನು ಅವರು ಕಲಿತದ್ದು ಸ್ಪೇನ್ ದೇಶದಲ್ಲಿ. ಅಲ್ಲಿಯೂ ಬೋಳುಗುಡ್ಡಗಳಿಗೆ ಯಾರೋ ಪುಣ್ಯಾತ್ಮರು ಒಂದೇ ಜಾತಿಯ ಪೈನ್ ಮರಗಳನ್ನು ಒತ್ತಾಗಿ ನೆಟ್ಟು, ಮುಂದೆ ಅವುಗಳ ಕೆಳಗೆ ಬೇರೆ ಏನೂ ಹುಟ್ಟದೆ ಹೋದಾಗ, ನಡುನಡುವೆ ಕಿಂಡಿ ತೆಗೆದು ಕಾಡನ್ನು ಮರಳಿ ಕರೆಯುತ್ತಿದ್ದರಂತೆ. ಅಲ್ಲಿ ಮಳೆ ಚಳಿಗಾಲಕ್ಕೆ ಬೀಳುತ್ತದೆ, ಬೇಸಿಗೆ ಪೂರಾ ಒಣ. ಕಿಂಡಿ ದೊಡ್ಡದಾದರೆ ಎಳೆ ಸಸಿ ಬಿಸಿಲಿಗೆ ಸುಟ್ಟುಹೋಗುತ್ತದೆ, ಸಣ್ಣದಾದರೆ ಬೆಳಕು ಸಾಲದೆ ಬಡಕಲಾಗುತ್ತದೆ. ಎಷ್ಟು ತೆಗೆಯಬೇಕು ಎಂಬುದೇ ಎಲ್ಲ. ಅಕ್ಕೋರು ಅದಕ್ಕೆ ಟೇಪು ಹಿಡಿಯುತ್ತಿರಲಿಲ್ಲ. ಮೊದಲ ಮರ ಕೆಡವಿಸಿ, ಬಿದ್ದ ಮರವನ್ನೇ ನೋಡುತ್ತ, ಇದರ ಉದ್ದವೇ ಕಿಂಡಿಯ ಅಗಲ ಎನ್ನುವರು. ಬಿದ್ದ ಮರದ ತುದಿಗೆ ಹೋಗಿ ನಿಂತು, ಕತ್ತೆತ್ತಿ, ಉಳಿದ ಮರಗಳ ನೆತ್ತಿಯನ್ನು ಬಹಳ ಹೊತ್ತು ನೋಡುವರು. ಎಲ್ಲಿ ಹೋದರೂ ಅವರಿಗೆ ಮೊದಲು ಮೇಲೆ ನೋಡುವ ಚಟ. ನಮ್ಮ ಅಂಗಡಿಗೆ ಬಂದಾಗಲೂ ತಗಡಿನ ಚಾವಣಿ ನೋಡಿ ಆಮೇಲೆ ನನ್ನ ಮುಖ ನೋಡುತ್ತಿದ್ದರು.

ಅಲ್ಲೇ ಯಾಕೆ ಇರಲಿಲ್ಲ ಎಂದು ಕೇಳಿದ್ದೆ. ಸ್ಪೇನ್‌ನಿಂದ ಜೇವರ್ಗಿ ತಾಲೂಕಿನ ಕಾಲೇಜಿಗೆ, ಅಲ್ಲಿಂದ ಅಫಜಲಪುರಕ್ಕೆ, ಅಲ್ಲಿಂದ ಆಳಂದಕ್ಕೆ ಬಂದು ಕೂತವರನ್ನು ನಾನಂತೂ ಬೇರೆ ನೋಡಿಲ್ಲ. ಅಲ್ಲಿ ಮಂದಿ ಒಳ್ಳೆಯವರಿದ್ದರು, ಗುಡ್ಡವೂ ಇತ್ತು, ಆದರೆ ನಮ್ಮದಲ್ಲ ಅಷ್ಟೇ ಎಂದರು. ಇಲ್ಲಿ ಅವರದು ಎನ್ನುವುದು ಏನಿತ್ತೆಂದು ನಾನು ಮರುಪ್ರಶ್ನೆ ಹಾಕಲಿಲ್ಲ. ತವರು ಇಜೇರಿ. ಕೊಟ್ಟಿದ್ದು ಅಫಜಲಪುರದ ಕಡೆ, ಕರಜಗಿಯ ಹತ್ತಿರದ ಒಬ್ಬ ಶಾಲೆ ಮಾಸ್ತರರಿಗೆ. ಮದುವೆಯಾಗಿ ಬಹಳ ದಿನ ಆಗಿರಲಿಲ್ಲ, ಮಾಸ್ತರರು ಮೋಟರ್ ಸೈಕಲ್ಲಿನಿಂದ ಬಿದ್ದು ಹೋಗಿಬಿಟ್ಟರು. ಮಕ್ಕಳಿಲ್ಲ. ಆಮೇಲೆ ಓದು, ವಿದ್ಯಾರ್ಥಿವೇತನ, ಸ್ಪೇನ್. ಅಪ್ಪ ಅವ್ವ ಇರುವ ತನಕ ಇಜೇರಿಗೆ ಹೋಗಿ ಬರುತ್ತಿದ್ದರು. ಅವರು ಹೋದ ಮೇಲೆ ಅಣ್ಣನ ಮನೆಯಲ್ಲಿ ಯಾರೂ ಬರಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ.

ಆಳಂದದಲ್ಲಿ ಮಹಡಿಯ ಮೇಲೆ ಒಂದು ಬಾಡಿಗೆ ಕೋಣೆ. ರಜೆ ಬಂದರೆ ಕಾಲೇಜಿನ ಉಳಿದವರು ತಂತಮ್ಮ ಊರಿಗೆ ಹೋಗುವರು, ಇವರು ಗುಡ್ಡಕ್ಕೆ. ಸಂಜೆ ಬಸ್ಸಿಳಿದು ನನ್ನ ಅಂಗಡಿಯ ಮುಂದಿನ ಚಹಾದವನ ಹತ್ತಿರ ನಿಂತು ಒಂದು ಕಪ್ಪು ಕುಡಿದು, ಎರಡನೆಯದಕ್ಕೂ ಹೇಳುವರು. ಎರಡನೆಯದು ಅವರಿಗೆ ಬೇಕಾಗಿರಲಿಲ್ಲ ಎಂಬುದು ನನ್ನ ಲೆಕ್ಕ. ಕೋಣೆಗೆ ಹೋಗುವುದನ್ನು ಅಷ್ಟು ಮುಂದಕ್ಕೆ ತಳ್ಳುತ್ತಿದ್ದರು. ನಾನು ಸ್ಟೂಲು ಕೊಟ್ಟರೆ ಕೂರುತ್ತಿದ್ದರು, ಕೂತರೆ ಮಾತಾಡುತ್ತಿದ್ದರು, ನಾನೂ ಅರ್ಧ ತಿಳಿಯದಿದ್ದರೂ ಹೂಂಗುಟ್ಟುತ್ತಿದ್ದೆ. ಏನು ಕೇಳಿದರೂ ಕೊನೆಗೆ ಅವರದು ಒಂದೇ ಮಾತು, ನೋಡೂಣು. ಈ ವರ್ಷ ಮಳೆ ಹ್ಯಾಂಗ್ರಿ ಎಂದರೆ ನೋಡೂಣು. ಕಿಂಡಿಯಲ್ಲಿ ಏನಾದರೂ ಬಂತೇ ಎಂದರೆ ನೋಡೂಣು. ಹಲ್ಲುನೋವಿಗೆ ಡಾಕ್ಟರ ಹತ್ತಿರ ಹೋಗ್ರಿ ಎಂದರೂ ನೋಡೂಣು.

ನಾವು ಶರಣರ ಮಕ್ಕಳು. ಹೆಣ್ಣು ಗಂಡು ಎಂಬ ಭೇದ ನಮ್ಮಲ್ಲಿಲ್ಲ, ಮುತ್ತೈದೆ ವಿಧವೆ ಎಂಬ ಭೇದವೂ ಇಲ್ಲ. ವೇದಿಕೆಯ ಮೇಲೆ ನಿಂತು ಇದನ್ನು ನಮ್ಮಷ್ಟು ಚೆನ್ನಾಗಿ ಹೇಳುವವರು ಜಿಲ್ಲೆಯಲ್ಲಿ ಯಾರೂ ಇಲ್ಲ. ಮನೆಯೊಳಗೆ ಕುಂಕುಮದ ತಟ್ಟೆ ಮಾತ್ರ ತನ್ನ ದಾರಿ ತಾನೇ ನೋಡಿಕೊಂಡು ಹೋಗುತ್ತದೆ. ನನ್ನ ಬಸುರಿ ಮಗಳ ಕುಬಸದ ಕಾರ್ಯಕ್ಕೆ ಅಕ್ಕೋರನ್ನು ಕರೆದಿದ್ದೆ. ಹೆಂಗಸರ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದರು. ಒಬ್ಬಾಕೆ ತಟ್ಟೆ ಹಿಡಿದು ಹಣೆಗೆ ಹಚ್ಚುತ್ತ, ಉಡಿಗೆ ಹಾಕುತ್ತ ಬರುತ್ತಿದ್ದಳು. ತಟ್ಟೆ ತನ್ನಿಂದ ಮೂರ್ನಾಲ್ಕು ಜನರಷ್ಟು ದೂರ ಇರುವಾಗಲೇ ಅಕ್ಕೋರು ಎದ್ದು, ಹಿತ್ತಲಲ್ಲಿ ಅದೆಂಥ ನುಗ್ಗೆಗಿಡ, ನೋಡಿ ಬರ್ತೇನಿ ಎಂದು ಹೊರಗೆ ಹೋದರು. ತಟ್ಟೆ ಮುಂದೆ ಹೋದ ಮೇಲೆ ಬಂದು ಮತ್ತೆ ಅದೇ ಜಾಗದಲ್ಲಿ ಕೂತರು. ಯಾರಿಗೂ ಮುಜುಗರವಾಗದ ಹಾಗೆ, ಅಳತೆ ತಪ್ಪದೆ ಎದ್ದುಹೋಗುವುದನ್ನು ಅವರು ಎಷ್ಟು ಮನೆಗಳಲ್ಲಿ ಮಾಡಿ ರೂಢಿಸಿಕೊಂಡಿದ್ದರೋ.

ಕಿಂಡಿಗಳ ವಿಷಯಕ್ಕೆ ಬರುತ್ತೇನೆ. ಗುಡ್ಡದ ಮೇಲೆ ಅವರು ಮೂರು ಕಿಂಡಿ ತೆಗೆಸಿದರು. ಕೆಲಸಕ್ಕೆ ಬಂದವರು ಆ ಊರಿನ ಕೂಲಿ ಹೆಂಗಸರು, ಮರ ಕೆಡವಲು ಇಬ್ಬರು ಗಂಡಸರು. ಮೊದಲನೆಯದು ಕೈಮೀರಿ ದೊಡ್ಡದಾಯಿತು, ಯಾಕೆಂದರೆ ಕಡಿಯಲು ಹತ್ತಿದವರಿಗೆ ಒಲೆ ಉರುವಲು ಕಣ್ಣಿಗೆ ಕಂಡು ಕೈ ನಿಲ್ಲಲಿಲ್ಲ. ಅಲ್ಲಿ ಹುಲ್ಲು ಬಿಟ್ಟು ಏನೂ ಬರಲಿಲ್ಲ. ಎರಡನೆಯದನ್ನು ಹೆದರಿ ಹೆದರಿ ಸಣ್ಣದು ಮಾಡಿದರು, ಸುತ್ತಲಿನ ಅಕೇಶಿಯಾ ಕೈಚಾಚಿ ಅದನ್ನು ಮುಚ್ಚಿಬಿಟ್ಟಿತು. ಮೂರನೆಯದನ್ನು ಗುಡ್ಡದ ಅಂಚಿನಲ್ಲಿ, ನನ್ನ ಹೊಲ ಕಾಣುವ ಕಡೆ ತೆಗೆದರು. ಅದಕ್ಕೆ ಕಾರಣವಿತ್ತು. ನನ್ನ ಹೊಲದ ನಾಲೆಯ ದಂಡೆಯಲ್ಲಿ ಒಂದು ಹಳೆಯ ಕಮರದ ಮರವಿದೆ. ಕಮರವೆಂದರೆ ಹಿಂದೆ ಗಾಡಿಯ ಅಚ್ಚಿಗೆ ಬಳಸುತ್ತಿದ್ದ, ಕೊಡಲಿಯ ಬಾಯಿ ಮುರಿಯುವಂಥ ಗಟ್ಟಿ ಮರ. ಒಂದು ಕಾಲಕ್ಕೆ ಗುಡ್ಡದ ತುಂಬ ಅದೇ ಇತ್ತಂತೆ, ಈಗ ಸುತ್ತಮುತ್ತ ಉಳಿದದ್ದು ಇದೊಂದೇ. ಅದರ ಬೀಜಕ್ಕೆ ರೆಕ್ಕೆ ಇರುತ್ತದೆ, ಬೇಸಿಗೆಯ ಗಾಳಿಗೆ ಹಾರುತ್ತದೆ. ಅಕ್ಕೋರು ಆ ಗಾಳಿಯ ದಾರಿಯಲ್ಲಿ ಕಿಂಡಿ ತೆಗೆದು ಕೂತಿದ್ದರು.

ಆ ಖಾಲಿ ಜಾಗ ನಮ್ಮ ಮಂದಿಯ ಕಣ್ಣಿಗೆ ಚುಚ್ಚುತ್ತಿತ್ತು. ತೊಗರಿಯ ಸಾಲಿನಲ್ಲಿ ಒಂದು ಬೀಜ ಹುಟ್ಟದಿದ್ದರೆ ಆ ವಾರವೇ ಅಲ್ಲಿ ಇನ್ನೊಂದು ಊರುವ ಜನ ನಾವು. ಕರಜಗಿಯ ಕಬ್ಬಿನವರಂತೂ, ಅಕ್ಕೋರು ಅಫಜಲಪುರದಲ್ಲಿದ್ದಾಗ, ಖಾಲಿ ಬಿಡುವುದನ್ನು ಕಲಿಯಲು ಸ್ಪೇನಿಗೆ ಯಾಕೆ ಹೋಗಬೇಕಿತ್ತು, ನಮ್ಮೂರಿನ ಸೋಮಾರಿಗಳನ್ನು ಕೇಳಿದ್ದರೆ ಸಾಕಿತ್ತು ಎಂದಿದ್ದರಂತೆ. ಇದನ್ನು ಅಕ್ಕೋರೇ ಹೇಳಿಕೊಂಡು ನಗುತ್ತಿದ್ದರು.

ಒಂದು ಶ್ರಾವಣದಲ್ಲಿ ನಾನು ಹೊಲಕ್ಕೆ ಹೋಗಿದ್ದಾಗ ಅವರು ಗುಡ್ಡದ ಮೇಲಿನಿಂದ ಕೈಬೀಸಿ ಕರೆದರು. ಹತ್ತಿ ಹೋದೆ. ಮುಖದಲ್ಲಿ ಬೇರೆಯೇ ಕಳೆ. ತುಟಿಯ ಮೇಲೆ ಬೆರಳಿಟ್ಟು, ಮಲಗಿದ ಕೂಸನ್ನು ತೋರಿಸುವವರ ಹಾಗೆ ನೆಲ ತೋರಿಸಿದರು. ನನಗೆ ಮೊದಲು ಏನೂ ಕಾಣಲಿಲ್ಲ. ಬಗ್ಗಿ ನೋಡಿದರೆ, ಹುಲ್ಲಿನ ನಡುವೆ, ದಕ್ಷಿಣದ ಮರಗಳ ನೆರಳು ಬೀಳುವ ಬದಿಯಲ್ಲಿ, ಆಡಿನ ಗೊರಸಿನಂಥ ಜೋಡಿ ಎಲೆಗಳ ಸಸಿಗಳು. ಗೇಣುದ್ದವೂ ಇಲ್ಲ. ಅಲ್ಲೊಂದು, ಇಲ್ಲೊಂದು, ಕಣ್ಣು ರೂಢಿಯಾದಷ್ಟೂ ಇನ್ನಷ್ಟು.

"ತಾಯಿ ನಿಮ್ಮ ಹೊಲದಾಗ ಅದಾಳ," ಎಂದರು. "ಮಕ್ಕಳನ್ನ ನೀವು ನೋಡಬೇಕಲ್ರಿ ಸಾವ್ಕಾರ್ರ."

ಇಷ್ಟು ವರ್ಷ ಕಾದದ್ದು ಬಂದಿದೆ, ಊರಿಗೆಲ್ಲ ಪೇಡೆ ಹಂಚೋಣ ಎಂದೆ. ಅವರು ಗಾಬರಿಯಾದರು.

"ಯಾರಿಗೂ ಹೇಳಬ್ಯಾಡ್ರಿ. ಹೇಳಿದ್ರ ನೀರು ಹಾಕ್ತಾರ."

ನೀರು ಹಾಕಿದರೆ ಕೆಡುತ್ತದೆಯೇ ಎಂದು ಕೇಳಿದೆ. ಕೆಡುತ್ತದಂತೆ. ಕಮರ ಮೊದಲ ವರ್ಷಗಳಲ್ಲಿ ಮೇಲೆ ಬೆಳೆಯುವುದೇ ಇಲ್ಲ. ಮಳೆ ನಿಂತರೆ ಎಲೆ ಉದುರಿಸಿ ಒಣ ಕಡ್ಡಿಯಾಗಿ ನಿಂತುಬಿಡುತ್ತದೆ, ನೋಡಿದವರು ಸತ್ತಿತೆನ್ನಬೇಕು. ಒಳಗೆ ಬೇರು ಕಲ್ಲುಗಳ ಸಂದಿಯಲ್ಲಿ ಆಳಕ್ಕೆ, ಇನ್ನೂ ಆಳಕ್ಕೆ ಇಳಿಯುತ್ತಿರುತ್ತದೆ. ಹೀಗೆ ನಾಲ್ಕೈದು ವರ್ಷ ಸತ್ತು ಹುಟ್ಟಿ ಸತ್ತು ಹುಟ್ಟಿ, ಬೇರು ತಳ ಕಂಡ ಮೇಲೆ ಒಮ್ಮೆಲೇ ಮೇಲೇಳುತ್ತದೆ. ಮೇಲಿಂದ ನೀರು ಸಿಕ್ಕರೆ ಬೇರು ಕೆಳಗೆ ಯಾಕೆ ಹೋದೀತು ಎನ್ನುವುದು ಅವರ ವಾದ. ನೀರಷ್ಟೇ ಅಲ್ಲ, ಸುದ್ದಿ ಹರಡಿದರೆ ನೋಡಲು ಮಂದಿ ಬರುತ್ತಾರೆ, ತುಳಿಯುತ್ತಾರೆ, ಹಿಂದೆಯೇ ಆಡುಗಳು ಬರುತ್ತವೆ, ಯಾರೋ ಬೇಲಿ ಕಟ್ಟಿ ಬೋರ್ಡು ನೆಡುತ್ತಾರೆ. ಹೀಗಾಗಿ ಕೆಲಸದ ಹೆಂಗಸರಿಗೂ ಅವರು ಹೇಳಿರಲಿಲ್ಲ. ಆ ಜಾಗಕ್ಕೆ ಬರಲೇಬೇಡಿ ಎಂದಷ್ಟೇ ಹೇಳಿದ್ದರು. ತನಗೆ ನಿವೃತ್ತಿಗೆ ಇನ್ನು ಬಹಳ ದಿನ ಇಲ್ಲ, ಅಷ್ಟರೊಳಗೆ ಒಂದಾದರೂ ತಲೆ ಎತ್ತಿದರೆ ಇಲಾಖೆಯವರಿಗೆ ತೋರಿಸಿ, ಉಳಿದ ಗುಡ್ಡಕ್ಕೂ ಹೀಗೇ ಮಾಡಿರೆಂದು ಕೇಳಬಹುದು ಎಂಬುದು ಅವರ ಆಸೆ. ಅವರಿಗೆ ಆಸೆ ಇದ್ದದ್ದು ಅದೊಂದರ ಮೇಲೆ. ನನಗೆ ಗೊತ್ತಿದ್ದ ಮಟ್ಟಿಗೆ ಬೇರೆ ಯಾವುದರ ಮೇಲೂ ಇರಲಿಲ್ಲ.

ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಊರಲ್ಲಿ ಒಂದು ನರಪಿಳ್ಳೆ ಇರುವುದಿಲ್ಲ. ಎಲ್ಲರೂ ಹೊಲದಲ್ಲಿ. ಸಜ್ಜಿ ರೊಟ್ಟಿ, ಭಜ್ಜಿ, ಕಡುಬು, ಅಂಬಲಿ ಕಟ್ಟಿಕೊಂಡು ಹೋಗಿ, ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜೆ ಮಾಡಿ, ಆ ಅಡಿಗೆಯನ್ನೇ ಹೊಲದ ನಾಲ್ಕೂ ಕಡೆ ಚರಗವೆಂದು ಚೆಲ್ಲುತ್ತಾರೆ. ಬೆಳೆ ಹೊತ್ತ ಭೂಮಿ ಬಸುರಿ, ಅವಳ ಬಯಕೆ ತೀರಿಸಬೇಕು, ಉಡಿ ತುಂಬಬೇಕು ಎಂಬ ಭಾವನೆ. ಪ್ರತಿ ವರ್ಷ ಅಕ್ಕೋರನ್ನು ನಮ್ಮ ಹೊಲಕ್ಕೇ ಕರೆಯುತ್ತಿದ್ದೆವು. ಉಂಡು, ಗುಡ್ಡ ಹತ್ತಿ, ಸಂಜೆಗೆ ಇಳಿದು ಬರುವರು. ನಿವೃತ್ತಿಯ ಹಿಂದಿನ ಅಮಾವಾಸ್ಯೆಗೂ ಬಂದಿದ್ದರು. ಊಟಕ್ಕೆ ಕೂರುವ ಮೊದಲೇ ಆ ಊರಿನ ಸಿದ್ದಮ್ಮ ಓಡಿಬಂದಳು. ಗುಡ್ಡದ ಕೆಲಸಕ್ಕೆ ಬರುತ್ತಿದ್ದ ಹೆಂಗಸರಿಗೆ ಅವಳೇ ಹಿರಿಯಳು. ಇವತ್ತಿನ ಊಟ ನಮ್ಮ ಕಡೆ, ಮೇಲೆ ಬರಬೇಕು, ಸಾವ್ಕಾರರೂ ಬರಬೇಕು ಎಂದು ಹಟ ಹಿಡಿದಳು. ಏನು ಎತ್ತ ಹೇಳಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಹತ್ತುವಾಗ ಅವಳೇ ಮುಂದೆ, ನಡುವೆ ಅಕ್ಕೋರು, ಹಿಂದೆ ನಾನು. ಅಂಚು ಸಮೀಪಿಸಿದಾಗ ಸೆಗಣಿ ಸಾರಿಸಿದ ವಾಸನೆ ಬಂತು. ನನಗೆ ಆಗಲೂ ಹೊಳೆಯಲಿಲ್ಲ.

ಆ ಹೆಂಗಸರಲ್ಲಿ ಯಾರಿಗೂ ಒಂದು ಗುಂಟೆ ಹೊಲ ಇಲ್ಲ. ಎಳ್ಳ ಅಮಾವಾಸ್ಯೆಗೆ ಯಾರದೋ ಹೊಲದ ಬದುವಿನಲ್ಲಿ ಕೂತು, ಯಾರದೋ ಚರಗ ನೋಡಿ ಬರುವವರು. ಅಕ್ಕೋರಿಗೂ ಹೊಲವಿಲ್ಲ. ಅವರು ಹೋಗುವ ಮೊದಲು ಒಮ್ಮೆ, ಯಾರೂ ಬರಬೇಡಿ ಎಂದು ಅವರು ಕಾಯ್ದುಕೊಂಡ, ಅವರದೇ ಆದ ಜಾಗದಲ್ಲಿ, ಅವರ ಹೆಸರಲ್ಲಿ ಚರಗ ಚೆಲ್ಲಬೇಕೆಂದು ಎಲ್ಲರೂ ಸೇರಿ ಮಾತಾಡಿಕೊಂಡಿದ್ದರು. ಎರಡು ದಿನ ಗುಟ್ಟಾಗಿ ದುಡಿದಿದ್ದರು. ಮೂರನೆಯ ಕಿಂಡಿ ಕಣದ ಹಾಗೆ ನುಣ್ಣಗಾಗಿತ್ತು. ಹುಲ್ಲು ಕಿತ್ತು, ಕಂಟಿ ಕಡಿದು, ಖುರಪಿಯಿಂದ ಕೆರೆದು, ಗುಡಿಸಿ, ಸಾರಿಸಿ, ರಂಗೋಲಿ ಹಾಕಿದ್ದರು. ನಡುವೆ ಜೋಳದ ದಂಟಿನ ಕೊಂಪೆ, ಅದರೊಳಗೆ ಸುಣ್ಣ ಬಳಿದ ಐದು ಕಲ್ಲು, ಚೆಂಡುಹೂವು.

"ನೋಡ್ರಿ ಅಕ್ಕೋರ," ಎಂದಳು ಸಿದ್ದಮ್ಮ. "ಒಂದು ಕಡ್ಡಿ ಬಿಟ್ಟಿಲ್ಲ."

ನಾನು ಅಕ್ಕೋರ ಮುಖ ನೋಡಲಾರದೆ ಅವರ ಕಾಲು ನೋಡಿದೆ. ಅವರು ಅಂಚಿನಲ್ಲೇ ನಿಂತಿದ್ದರು. ಅಂದು ಅವರು ಮೇಲೆ ನೋಡಲಿಲ್ಲ. ನೆರಳಿನ ಬದಿಯ ನೆಲವನ್ನು ಈ ತುದಿಯಿಂದ ಆ ತುದಿಯ ತನಕ ಮೆಲ್ಲಗೆ ನೋಡಿದರು, ಮತ್ತೆ ಆ ತುದಿಯಿಂದ ಈ ತುದಿಗೆ. ಹೆಂಗಸರು ಅವರನ್ನೇ ನೋಡುತ್ತಿದ್ದರು. ಆಮೇಲೆ ಅವರು ಬಗ್ಗಿ ಬೂಟಿನ ದಾರ ಬಿಚ್ಚಿ, ಸಾರಿಸಿದ ಜಾಗಕ್ಕೆ ಹಾಕಿಕೊಂಡು ಹೋಗಬಾರದೆಂದು ಬದಿಗಿಟ್ಟು, ಬರಿಗಾಲಿನಲ್ಲಿ ಒಳಗೆ ಹೋದರು.

"ಭಾಳ ಛಂದ ಮಾಡೀರವ್ವ," ಎಂದರು.

ಕಂಬಳಿ ಹಾಸಿ ಕೂರಿಸಿದರು. ಚರಗ ಚೆಲ್ಲಿದರು. ಒಬ್ಬಳು ಹಾಡು ಹೇಳಿದಳು. ಅಷ್ಟಾದ ಮೇಲೆ ಸಿದ್ದಮ್ಮ ಒಂದು ತಟ್ಟೆ ತಂದಳು, ಅದರಲ್ಲಿ ಕುಬಸದ ಖಣ, ಜೋಳ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಕುಂಕುಮ. ತಟ್ಟೆ ಕಂಡ ಕೂಡಲೇ ಅಕ್ಕೋರು ರೂಢಿಯ ಹಾಗೆ ಏಳಹೋದರು. ನೋಡಿ ಬರ್ತೇನಿ ಎನ್ನಲು ಅಲ್ಲಿ ನುಗ್ಗೆಗಿಡ ಇರಲಿಲ್ಲ. ಸಿದ್ದಮ್ಮ ಹೆಗಲು ಹಿಡಿದು ಕೂರಿಸಿದಳು. ಬೇಡವ್ವ, ನನಗ ನಡಿಯೂದಿಲ್ಲ, ನಿಮಗ ಗೊತ್ತದ ಎಂದು ಇವರು ಸಣ್ಣ ದನಿಯಲ್ಲಿ ಹೇಳಿದರು. ನಾನಿದ್ದೇನೆಂದು ನಾಚಿಕೆ ಬೇರೆ.

"ಭೂಮಿತಾಯಿಗಿ ಗಂಡ ಅದಾನೋ ಇಲ್ಲೋ ಅಂತ ಕೇಳಿ ಉಡಿ ತುಂಬತೀವೇನ್ರಿ ಅಕ್ಕೋರ?" ಎಂದಳು ಸಿದ್ದಮ್ಮ. "ಸೆರಗು ಹಿಡೀರಿ."

ನಮ್ಮ ವೇದಿಕೆಗಳ ಮೇಲೆ ಇಷ್ಟು ವರ್ಷ ಕೇಳಿದ ಭಾಷಣಗಳನ್ನೆಲ್ಲ ನಾನು ಆ ಒಂದು ಮಾತಿಗೆ ಬಿಟ್ಟುಕೊಡುತ್ತೇನೆ. ಅಕ್ಕೋರು ಸೆರಗು ಹಿಡಿದರು. ಜೋಳದ ಕಾಳು ಒಂದಿಷ್ಟು ನೆಲಕ್ಕೆ ಬಿದ್ದವು. ಸಿದ್ದಮ್ಮ ಹಣೆಗೆ ಕುಂಕುಮ ಹಚ್ಚಿದಳು, ಉಳಿದವರೂ ಒಬ್ಬೊಬ್ಬರಾಗಿ ಬಂದು ಹಚ್ಚಿದರು. ಅಕ್ಕೋರು ಅತ್ತರು. ಬಾಯಿ ತೆರೆದು, ದನಿ ತೆಗೆದು ಅತ್ತರು. ಹೆಂಗಸರೂ ಸೆರಗು ಕಣ್ಣಿಗೆ ಒತ್ತಿಕೊಂಡರು. ಅವರು ಯಾಕೆ ಅಳುತ್ತಿದ್ದಾರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅರ್ಧ ಮಾತ್ರ ಗೊತ್ತು ಎಂಬುದು ನನಗೊಬ್ಬನಿಗೆ ಗೊತ್ತಿತ್ತು.

ಊಟ ಹೊಟ್ಟೆತುಂಬ ಮಾಡಿದರು. ಕಡುಬನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡರು.

ಇಳಿಯುವಾಗ ನಾವಿಬ್ಬರೇ. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆಂದು ಗೊತ್ತಿರಲಿಲ್ಲ. ಎಲ್ಲವನ್ನೂ ಕಿತ್ತು ಹಾಕಿದರಲ್ರಿ ಎಂದುಬಿಟ್ಟೆ. ಅವರು ಉಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ಕಲ್ಲು ನೋಡಿ ಹೆಜ್ಜೆ ಇಡುತ್ತಿದ್ದರು. ನಾಲೆಯ ದಂಡೆಗೆ ಬಂದು ಕಮರದ ಮರದ ಕೆಳಗೆ ನಿಂತರು.

"ಬೇರು ಒಳಗ ಅದಾವ್ರಿ," ಎಂದರು. "ಅವು ಅವರ ಕೈಗೆ ಬಂದಿರೂದಿಲ್ಲ. ನಾಕಾರು ವರ್ಷ ಯಾರೂ ಮುಟ್ಟಲಿಲ್ಲಂದ್ರ ಮತ್ತ ಏಳ್ತಾವ."

ಹಾಗಾದರೆ ಈಗಲೇ ಹೋಗಿ ಸಿದ್ದಮ್ಮನಿಗೆ ತಿಳಿಸಿ ಹೇಳೋಣ, ಮುಂದೆ ಆ ಕಡೆ ಖುರಪಿ ಒಯ್ಯದಿದ್ದರೆ ಸಾಕು ಎಂದೆ. ಅವರು ತಲೆ ಅಲ್ಲಾಡಿಸಿದರು.

"ಏನಂತ ಹೇಳಲಿ? ನೀವು ನನ್ನ ಉಡಿ ತುಂಬಿದ ದಿವಸನೇ ನನ್ನ ಕಾಡು ಕಿತ್ತೀರಿ ಅಂತಾ? ಇಷ್ಟು ವರ್ಷದಾಗ ಯಾರೂ ನನ್ನ ಮುಂದ ತಟ್ಟಿ ಹಿಡಿದಿದ್ದಿಲ್ರಿ. ಹೇಳಬ್ಯಾಡ್ರಿ. ನೀವೂ ಎಂದೂ ಹೇಳಬ್ಯಾಡ್ರಿ."

ನಾನು ಆಣೆ ಮಾಡಲಿಲ್ಲ. ಹೂಂ ಎಂದೆ.

ನಿವೃತ್ತಿಯಾಗಿ ಕಲಬುರಗಿಯಲ್ಲಿ ಮನೆ ಹಿಡಿದರು. ಆಗಾಗ ಫೋನು ಮಾಡುವರು. ಮಳೆ, ತೊಗರಿಯ ಧಾರಣೆ, ನನ್ನ ಮೊಮ್ಮಗಳು, ಇಷ್ಟು ಮಾತು. ಕಿಂಡಿಯ ಸುದ್ದಿ ಅವರು ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ. ಅಲ್ಲಿ ಮಾತ್ರ ಬೇರೆಯೇ ನಡೆದಿತ್ತು. ಆ ಐದು ಕಲ್ಲುಗಳು ಅಲ್ಲೇ ಉಳಿದವು. ಅದು ಅಕ್ಕೋರ ಜಾಗ ಎಂದಾಯಿತು. ಹೆಂಗಸರು ಸೋಮವಾರಕ್ಕೊಮ್ಮೆ ಹತ್ತಿ ಹೋಗಿ ಗುಡಿಸಿ, ಹುಲ್ಲು ಕಿತ್ತು, ನೀರು ಚಿಮುಕಿಸಿ ಬರತೊಡಗಿದರು. ಒಮ್ಮೆ ಫೋನಿನಲ್ಲಿ ಮಾತು ಮುಗಿದ ಮೇಲೂ ಇಡದೆ, ಅಲ್ಲಿ ಈಗಲೂ ಕಸ ಹೊಡೀತಾರೇನ್ರಿ ಎಂದು ಕೇಳಿದರು. ವಾರ ತಪ್ಪದೆ ಹೊಡೀತಾರೆ ಎಂದೆ.

"ಹೊಡೀಲಿ ಬಿಡ್ರಿ," ಎಂದರು.

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಮನೆಯಲ್ಲಿ ಒಬ್ಬರೇ ಇದ್ದಾಗ, ಎದೆನೋವಿನಿಂದ ಹೋದರು. ಬಾಗಿಲು ತೆಗೆಯಲಿಲ್ಲವೆಂದು ಪಕ್ಕದ ಮನೆಯವರು ನೋಡಿದರಂತೆ. ಇಜೇರಿಯಿಂದ ಅಣ್ಣನ ಮಕ್ಕಳು ಬಂದು ಒಯ್ದರು. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣು ಮುಗಿದಿತ್ತು.

ಆ ವಾರದ ಸಂತೆಯ ದಿನ ಸಿದ್ದಮ್ಮ ಇನ್ನಿಬ್ಬರು ಹೆಂಗಸರೊಂದಿಗೆ ಅಂಗಡಿಗೆ ಬಂದಳು. ಮೂವರೂ ಕಟ್ಟೆಯ ಮೇಲೆ ಕೂತು ಅತ್ತರು. ಅಂದು ಅಕ್ಕೋರು ಎರಡನೆಯ ಸಲ ಕಡುಬು ಹಾಕಿಸಿಕೊಂಡದ್ದನ್ನು ನೆನಪು ಮಾಡಿಕೊಂಡು ಮತ್ತೆ ಅತ್ತರು. ನಾನು ಹೂಂ ಎಂದದ್ದು ಅಕ್ಕೋರು ಬದುಕಿದ್ದಾಗ. ಈಗ ಅವರಿಲ್ಲ, ಬೇರುಗಳು ಇನ್ನೂ ಇದ್ದಾವು. ಹೀಗೆ ನನ್ನೊಳಗೆ ನಾನೇ ಪಂಚಾಯಿತಿ ಮಾಡಿಕೊಂಡು, ಎಲ್ಲ ಹೇಳದಿದ್ದರೂ ಇಷ್ಟಾದರೂ ಹೇಳೋಣವೆಂದು, ಇನ್ನು ಮೇಲೆ ಆ ಜಾಗ ಗುಡಿಸುವುದು ಬಿಟ್ಟುಬಿಡಿ, ಹುಲ್ಲು ಪಲ್ಲು ಬೆಳೆದುಕೊಂಡು ಇರಲಿ, ಅಕ್ಕೋರಿಗೆ ಹಾಗಿದ್ದರೇ ಇಷ್ಟವಿತ್ತು ಎಂದೆ.

ಸಿದ್ದಮ್ಮ ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು. ನಾನು ಏನೋ ಹೊಲಸು ಮಾತಾಡಿದವನ ಹಾಗೆ ನೋಡಿದಳು.

"ಹ್ಯಾಂಗ ಬಿಡಬೇಕ್ರಿ ಸಾವ್ಕಾರ್ರ? ಕಸ ಬೆಳೀಲಾಕ ಬಿಟ್ರ ಹಾದೀಲೆ ಹೋಗೋರು ಏನಂತಾರ? ಈಕಿಗಿ ಹಿಂದಿಲ್ಲ ಮುಂದಿಲ್ಲ, ಯಾರೂ ದಿಕ್ಕಿಲ್ಲ ಅಂತಾರ. ನಾವದೀವಲ್ಲ."

ಅಕ್ಕೋರಿಗೆ ಯಾರಾದರೂ ಇದ್ದಾರೆಂದು ಒಬ್ಬ ಮನುಷ್ಯ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೇಳಲು ಅವರು ಇರಲಿಲ್ಲ.

ಹೋಗುವಾಗ ಸಿದ್ದಮ್ಮ, ಗುಡ್ಡದ ಕಲ್ಲಿಗೆ ಕಸಬರಿಗೆ ಬಾಳಿಕೆ ಬರುತ್ತಿಲ್ಲ, ನಿಮ್ಮಲ್ಲಿ ಗಟ್ಟಿಯಾದದ್ದು ಇದೆಯೇ ಎಂದು ಕೇಳಿದಳು. ನಾನು ಒಳಗೆ ಹೋಗಿ, ಇದ್ದುದರಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದನ್ನು ಆರಿಸಿ ತಂದುಕೊಟ್ಟೆ.